ಪರವಾಗಿಲ್ಲ ಎಂಬ ಶಿಫಾರಸು

ಆರ್ಲಿಸ್ ಹೌಗನ್‌ಗೆ ರಾಜಧಾನಿಯ ಪರ್ಮಿಟ್ ಕಚೇರಿಯಿಂದ ಬಂದ ಮೊದಲ ಕಾಗದದಲ್ಲಿ ಮೂರೇ ಮೂರು ವಾಕ್ಯಗಳಿದ್ದವು. ಮೊದಲನೆಯದು ಅರ್ಜಿ ಹಾಕಿದ್ದಕ್ಕೆ ವಂದನೆ ಹೇಳುತ್ತಿತ್ತು. ಮೂರನೆಯದು ಶುಭ ಕೋರುತ್ತಿತ್ತು. ನಡುವಿನದರಲ್ಲಿ, ಸಲ್ಲಿಸಿದ ದಾಖಲೆಗಳನ್ನು ನೋಡಿದರೆ ಅರ್ಜಿದಾರರಿಗೆ ವಿಷಯದಲ್ಲಿ ಸಾಕಷ್ಟು ಪರಿಣತಿ ಇರುವಂತೆ ಕಾಣುವುದಿಲ್ಲ, ಆದ್ದರಿಂದ ಪಾಠ ಮಾಡುವ ಪರ್ಮಿಟ್ ಕೊಡಲಾಗದು ಎಂದಿತ್ತು.

ವಿಷಯ ಯಾವುದೆಂದರೆ ಚೀಸ್ ತಯಾರಿಕೆ. ಆರ್ಲಿಸ್ ಮೂವತ್ತನಾಲ್ಕು ವರ್ಷ ಚೀಸ್ ಮಾಡಿದವಳು. ವಿಸ್ಕಾನ್ಸಿನ್‌ನಲ್ಲಿ ಲೈಸೆನ್ಸ್ ಇಲ್ಲದೆ ಚೀಸ್ ಮಾಡಿ ಮಾರುವ ಹಾಗಿಲ್ಲ. ಅವಳ ಲೈಸೆನ್ಸ್ ಅಡುಗೆಮನೆಯ ಗೋಡೆಯ ಮೇಲೆ, ತೀರಿಹೋದ ಗಂಡನ ಫೋಟೋದ ಪಕ್ಕದಲ್ಲಿ ನೇತಾಡುತ್ತಿತ್ತು. ಕಾಗದವನ್ನು ಎರಡು ಸಲ ಓದಿ, ಗೋಡೆಯ ಕಡೆ ಒಮ್ಮೆ ನೋಡಿ, ಕುರ್ಚಿಯಲ್ಲಿ ಕುಳಿತುಬಿಟ್ಟಳು.

ಹಿಂದಿನ ವರ್ಷ ಕಣಿವೆಯ ಚೀಸ್ ಕಾರ್ಖಾನೆ ಮುಚ್ಚಿತ್ತು. ಅರವತ್ತೊಂದಕ್ಕೆ ಕೈಕಟ್ಟಿ ಕೂರುವ ಹೆಂಗಸಲ್ಲ ಆರ್ಲಿಸ್. ಅದೇ ಹೊತ್ತಿಗೆ ಎಲ್ಡಾಲ್ ಊರಿನಲ್ಲಿ ಸರ್ಕಾರದ ಹಣದಿಂದ, ಆದರೆ ತನ್ನದೇ ಪಾಠಕ್ರಮದಲ್ಲಿ ನಡೆಯುವ ಚಾರ್ಟರ್ ಶಾಲೆಯ ಮುಖ್ಯಸ್ಥೆ ಟೆರಿ ವೊಯ್ಚಿಕ್ ಅವಳನ್ನು ಹುಡುಕಿಕೊಂಡು ಬಂದಿದ್ದಳು. ಶಾಲೆ ನಡೆಯುತ್ತಿದ್ದದ್ದು ಹಳೆಯ ಬೆಣ್ಣೆ ಗಿರಣಿಯಲ್ಲಿ. ಅಲ್ಲಿ ಒಂದು ಹಾಲಿನ ಕೋಣೆ ಮಾಡಿ, ದೊಡ್ಡ ತೊಟ್ಟಿ ಇಟ್ಟು, ಮಕ್ಕಳಿಗೆ ರಸಾಯನಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಚೀಸ್ ಮಾಡುತ್ತಲೇ ಕಲಿಸಬೇಕೆಂಬುದು ಟೆರಿಯ ಆಸೆ. ಕೋಣೆಯನ್ನು ಆರ್ಲಿಸಳೇ ಮುಂದೆ ನಿಂತು ಕಟ್ಟಿಸಿದಳು. ತೊಟ್ಟಿ ಎಲ್ಲಿರಬೇಕು, ನೀರು ಎತ್ತ ಹರಿಯಬೇಕು, ಮೊಳೆ ಎಲ್ಲಿ ಹೊಡೆಯಬೇಕು, ಎಲ್ಲವೂ ಅವಳ ಲೆಕ್ಕ. ಬಿ.ಎಡ್.ನಂಥ ಓದು ಇಲ್ಲದವರನ್ನೂ ಚಾರ್ಟರ್ ಶಾಲೆ ಮೇಷ್ಟ್ರಾಗಿ ಇಟ್ಟುಕೊಳ್ಳಬಹುದು, ಆದರೆ ಅವರಿಗೆ ಒಂದು ಪರ್ಮಿಟ್ ಬೇಕು. ಪರ್ಮಿಟ್‌ಗೆ ಬೇಕಾದದ್ದು ಮೂರು: ಪೊಲೀಸರಿಂದ ತಕರಾರಿಲ್ಲ ಎಂಬ ಮಾತು, ತನ್ನ ಪರಿಣತಿಯ ಬಗ್ಗೆ ಅರ್ಜಿದಾರರೇ ಬರೆದ ಹೇಳಿಕೆ, ಮತ್ತು ಅದೇ ಕಸುಬಿನ ಹಿರಿಯರೊಬ್ಬರ ಶಿಫಾರಸು ಪತ್ರ. ಪತ್ರವನ್ನು ಹಿರಿಯರೇ ಲಕೋಟೆಯಲ್ಲಿ ಅಂಟಿಸಿ ನೇರವಾಗಿ ಕಳಿಸಬೇಕು, ಪರ್ಮಿಟ್ ಬರುವವರೆಗೆ ಅರ್ಜಿದಾರರು ನೋಡುವಂತಿಲ್ಲ.

ಪೊಲೀಸರ ಕಾಗದ ಒಂದೇ ವಾರದಲ್ಲಿ ಬಂತು. ಉಳಿದ ಎರಡನ್ನು ನಮ್ಮ ಕಣಿವೆಯವರು ಬರೆಯಬೇಕಾಗಿತ್ತು. ಗಾಡಿ ಕೂತದ್ದು ಅಲ್ಲೇ.

ನಮ್ಮ ಕಣಿವೆಯ ನಾರ್ವೆ ಮೂಲದವರಿಗೆ ಹೊಗಳಲು ಬರುವುದಿಲ್ಲ. ಬರುವುದಿಲ್ಲ ಎಂದರೂ ತಪ್ಪು, ಹೊಗಳುವುದು ಒಂದು ಬಗೆಯ ಅಸಭ್ಯತೆ ಎಂದೇ ಅವರ ಎಣಿಕೆ. ನಮ್ಮಲ್ಲಿ ಅತ್ಯುತ್ತಮವಾದುದಕ್ಕೆ 'ಪರವಾಗಿಲ್ಲ' ಎನ್ನುತ್ತಾರೆ. ಸಾಧಾರಣವಾದುದಕ್ಕೆ ಏನೂ ಅನ್ನುವುದಿಲ್ಲ. ಕೆಟ್ಟದ್ದಾದರೆ 'ಬೇರೆ ಥರ ಇದೆ' ಎನ್ನುತ್ತಾರೆ. ಆರ್ಲಿಸಳ ಗುರು ಓರ್ವಿಲ್ ಥೋರ್ಸನ್ ತನ್ನ ಮದುವೆಯ ಐವತ್ತನೇ ವರ್ಷದ ಊಟದಲ್ಲಿ, ಚರ್ಚಿನ ಇನ್ನೂರು ಜನರೆದುರು ಎದ್ದು ನಿಂತು, "ಇವಳಿಂದ ಅಂಥ ತೊಂದರೆಯೇನೂ ಆಗ್ಲಿಲ್ಲ" ಎಂದು ಕುಳಿತುಕೊಂಡಿದ್ದ. ಅವನ ಹೆಂಡತಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಿದ್ದಳು. ಆ ಮಾತನ್ನು ಊರು ಈಗಲೂ ನೆನೆಯುತ್ತದೆ.

ಶಿಫಾರಸು ಪತ್ರ ಬರೆದವನು ಈ ಓರ್ವಿಲ್.

ಆರ್ಲಿಸ್ ಕಚೇರಿಗೆ ಫೋನ್ ಮಾಡಿದಳು. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಪ್ರೆಂಟಿಸ್ ಎಂಬ ಅಧಿಕಾರಿ ಸಿಕ್ಕಳು. ದನಿ ತುಂಬಾ ಮೆದುವಾಗಿತ್ತು. ಕೋಪ ಮಾಡಿಕೊಳ್ಳಲು ಅವಕಾಶವನ್ನೇ ಕೊಡದಂಥ ದನಿ.

"ಮೇಡಂ, ನಿಮ್ಮ ಹೇಳಿಕೇಲಿ ನೀವೇ ಬರ್ದಿದೀರ. ಓದ್ತೀನಿ ಕೇಳಿ. 'ಚೀಸ್ ಮಾಡುವುದು ನನಗೆ ಸ್ವಲ್ಪಮಟ್ಟಿಗೆ ಗೊತ್ತು. ತಪ್ಪುಗಳೂ ಆಗಿವೆ.'"

"ಆಗಿವೆಯಲ್ಲ. ತೊಂಬತ್ತೆಂಟರಲ್ಲಿ ಒಂದು ತೊಟ್ಟಿ ಹಾಳಾಯ್ತು."

"ಒಂದೇ?"

"ಒಂದೂವರೆ ಅನ್ನಿ."

ಪ್ರೆಂಟಿಸ್ ಕಾಗದ ಮಗುಚಿದಳು. "ಇನ್ನು ಶಿಫಾರಸು ಪತ್ರ. ಅದನ್ನ ನಿಮಗೆ ಓದಿ ಹೇಳೋ ಹಾಗಿಲ್ಲ ನಾನು. ಆದ್ರೆ ಇಷ್ಟು ಹೇಳ್ತೀನಿ, ನಿಮ್ಮ ಕೆಲಸ 'ಪರವಾಗಿಲ್ಲ', 'ಹೇಳುವಂಥ ದೂರಿಲ್ಲ' ಅಂತ ಬರ್ದಿದಾರೆ. ಅಷ್ಟೇ ಇರೋದು."

ಆರ್ಲಿಸಳ ಕಿವಿ ಬಿಸಿಯಾಯಿತು. ಓರ್ವಿಲ್ ಹಾಗೆ ಬರೆದನೇ? ಪರವಾಗಿಲ್ಲ ಎನ್ನುವುದರ ಜೊತೆಗೆ ದೂರಿಲ್ಲ ಎಂದೂ ಸೇರಿಸಿದನೇ? ಮುದುಕ ಹೆಚ್ಚೇ ಬರೆದುಬಿಟ್ಟನಲ್ಲ ಎಂದು ಅವಳಿಗೆ ಸಂಕೋಚವೇ ಆಯಿತು.

"ಅದು ಒಳ್ಳೇ ಪತ್ರಾನೇ ಅಲ್ವಾ?" ಎಂದಳು.

"ಮೇಡಂ, ನಾನು ಟೆಕ್ಸಾಸ್‌ನವಳು. ನಮ್ಮ ಕಡೆ ಕೆಲಸದಿಂದ ತೆಗೆದುಹಾಕಿದವರಿಗೂ ಇದಕ್ಕಿಂತ ಚೆನ್ನಾಗಿ ಬರೀತಾರೆ. ಎಲ್ಲ ಮೊದಲಿಂದ ಕಳಿಸಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆಂದು ಪ್ರೆಂಟಿಸ್ ಹೇಳಲಿಲ್ಲ.

ತನ್ನ ಹೇಳಿಕೆಯನ್ನು ತಿದ್ದಲು ಆರ್ಲಿಸ್‌ಗೆ ಮೂರು ದಿನ ಹಿಡಿಯಿತು. ಟೆರಿ ಪಕ್ಕದಲ್ಲಿ ಕುಳಿತು ಬರೆಸಿದಳು. ಟೆರಿ ಮಿಲ್ವಾಕೀ ಪಟ್ಟಣದವಳು, ಅವಳಿಗೆ ಬಾಯಿಯ ಬಿಗುವಿಲ್ಲ. "ಪರಿಣತೆ ಅಂತ ಬರೀರಿ," ಎಂದಳು. ಆರ್ಲಿಸ್ ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಸುಳ್ಳುಸಾಕ್ಷಿ ಹೇಳಿದವಳ ಹಾಗೆ ತಲೆ ತಗ್ಗಿಸಿ ಸಹಿ ಹಾಕಿದಳು.

ಓರ್ವಿಲ್‌ನದು ಅಷ್ಟು ಸುಲಭವಾಗಲಿಲ್ಲ. ಅವನಿಗೆ ಎಂಬತ್ತಾರು. ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ಆರ್ಲಿಸ್‌ಗೆ ಮೇಲಿನವನಾಗಿದ್ದು ನಿವೃತ್ತನಾದವನು. ಹೆಂಡತಿ ಹೋದ ಮೇಲೆ ಅಣ್ಣನ ಮಗಳು ಜಾನೆಲ್ ಅವನ ಅಡುಗೆ ನೋಡಿಕೊಳ್ಳುತ್ತಿದ್ದಳು. ಅಡುಗೆಮನೆಯ ಮೇಜಿನ ಎದುರಿನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ರಾಜ್ಯಮಟ್ಟದ ಚೀಸ್ ಸ್ಪರ್ಧೆಯಲ್ಲಿ ಅವನ ಚೆಡ್ಡಾರ್ ಚೀಸಿಗೆ ಬಂದ ಮೊದಲ ಬಹುಮಾನದ ನೀಲಿ ರಿಬ್ಬನ್ ಇತ್ತು. ಆ ಮನೆಯಲ್ಲಿ ಕಣ್ಣಿಗೆ ಬೀಳುವಂಥ ಜಂಬ ಅದೊಂದೇ.

"ಇನ್ನೊಂದು ಪತ್ರ ಬೇಕಂತೆ," ಎಂದಳು ಆರ್ಲಿಸ್. "ಸ್ವಲ್ಪ ಜಾಸ್ತಿ ಹೇಳ್ಬೇಕಂತೆ."

"ದೂರಿಲ್ಲ ಅಂತ ಬರ್ದಿದ್ನಲ್ಲ."

"ಅವ್ರಿಗೆ ಅದು ಸಾಲ್ದಂತೆ."

ಓರ್ವಿಲ್ ಕಾಫಿ ಬಟ್ಟಲನ್ನು ತಿರುಗಿಸಿದ. "ಅದಕ್ಕಿಂತ ಜಾಸ್ತಿ ಏನಿದೆ ಹೇಳೋಕೆ?" ಎಂದ. ಮನಸ್ಸು ನೋಯಿಸಬೇಕೆಂದು ಕೇಳಿದ ಮಾತಲ್ಲ ಅದು, ನಿಜವಾಗಿಯೂ ತಿಳಿಯದೆ ಕೇಳಿದ್ದು.

ಆದರೂ ಬರೆದ. ಬರೆದು ಕಳಿಸಿದ ಮಾರನೆಯ ದಿನ ಚರ್ಚಿನ ಪಾದ್ರಿಯನ್ನು ಕಂಡು, ಪರಿಚಯದವರಿಗಾಗಿ ಒಂದು ಮಾತು ಹೆಚ್ಚಿಗೆ ಹೇಳಿದರೆ ಪಾಪವೇ ಎಂದು ಕೇಳಿದನಂತೆ. ಆ ಹೆಚ್ಚಿಗೆ ಮಾತು ಏನೆಂಬುದು ಆಗಸ್ಟ್ ಕೊನೆಯಲ್ಲಿ, ಎರಡನೇ ನಿರಾಕರಣೆ ಬಂದಾಗ, ಪ್ರೆಂಟಿಸಳ ಬಾಯಿಂದ ತಿಳಿಯಿತು. ಆರ್ಲಿಸಳ ಕೆಲಸ 'ಹೆಚ್ಚಿನ ದಿನಗಳಲ್ಲಿ ಸಾಕಷ್ಟು ಚೆನ್ನಾಗಿರುತ್ತಿತ್ತು' ಎಂದು ಓರ್ವಿಲ್ ಬರೆದಿದ್ದ.

"ಹೆಚ್ಚಿನ ದಿನ ಅಂದ್ರೆ ಮಿಕ್ಕ ದಿನ ಏನಾಗ್ತಿತ್ತು ಮೇಡಂ?" ಎಂದಳು ಪ್ರೆಂಟಿಸ್.

"ಮಿಕ್ಕ ದಿನ ಭಾನುವಾರ," ಎಂದು ಆರ್ಲಿಸ್ ಫೋನ್ ಇಟ್ಟಳು. ಇಟ್ಟ ಮೇಲೆ ತನ್ನ ಒರಟುತನಕ್ಕೆ ತಾನೇ ನಾಚಿ, ಮತ್ತೆ ಫೋನ್ ಮಾಡಿ ಕ್ಷಮೆ ಕೇಳಲು ಇನ್ನೊಂದು ಅರ್ಧ ಗಂಟೆ ಸಂಗೀತ ಕೇಳಿದಳು.

ಸೆಪ್ಟೆಂಬರಿನಲ್ಲಿ ಶಾಲೆ ತೆರೆಯಿತು. ಪರ್ಮಿಟ್ ಇಲ್ಲದವರು ಪಾಠ ಹೇಳುವಂತಿಲ್ಲ. ಆದ್ದರಿಂದ ಆಟದ ಮೇಷ್ಟ್ರು ಡಗ್‌ನನ್ನು ಹಾಲಿನ ಕೋಣೆಗೆ ಹಾಕಿದರು. ಡಗ್ ಓದಿ ಸರ್ಟಿಫಿಕೇಟ್ ಪಡೆದ ಮೇಷ್ಟ್ರು, ಕಾಗದದಲ್ಲಿ ಎಲ್ಲ ಸರಿ. ಚೀಸ್ ಬಗ್ಗೆ ಅವನಿಗೆ ಗೊತ್ತಿದ್ದದ್ದು ಬ್ರೆಡ್ಡಿನ ಯಾವ ಕಡೆ ಇಡಬೇಕು ಎಂಬುದಷ್ಟೇ. ಆರ್ಲಿಸ್ 'ಅತಿಥಿ' ಎಂಬ ಬಿಲ್ಲೆ ಕೊರಳಿಗೆ ಹಾಕಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂರಬೇಕು. ಅವಳು ಡಗ್‌ಗೆ ಹೇಳಬಹುದು, ಡಗ್ ಮಕ್ಕಳಿಗೆ ಹೇಳುತ್ತಾನೆ. ತಾನೇ ಮೊಳೆ ಹೊಡೆಸಿದ ಕೋಣೆಯಲ್ಲಿ ಅವಳು ಅತಿಥಿ. ಅವಳ ಹೊಟ್ಟೆ ಉರಿಯುತ್ತಿತ್ತು, ಆದರೆ ಡಗ್ ಒಳ್ಳೆಯವನು, ಅವನ ಮೇಲೆ ಉರಿದುಬೀಳುವುದಕ್ಕೂ ಆಗುತ್ತಿರಲಿಲ್ಲ.

ಎರಡನೇ ವಾರದ ಸೋಮವಾರ ಮಕ್ಕಳು ಮೊದಲ ಸಲ ತೊಟ್ಟಿ ತುಂಬಿದರು. ಹಾಲು ಹೆಪ್ಪುಗಟ್ಟುವ ಹೊತ್ತು. ಪಾ ಚಿಯಾ ಲೋರ್ ಎಂಬ ಹುಡುಗಿ ತೊಟ್ಟಿಯ ಬಳಿ ಬಗ್ಗಿ ನಿಂತಿದ್ದಳು. ಹದಿನಾರು ವರ್ಷ, ಕಡಿಮೆ ಮಾತು, ಗಟ್ಟಿ ಕೈ. ಅಂಥ ಕೈಯನ್ನು ಆರ್ಲಿಸ್ ತನ್ನ ಜೀವಮಾನದಲ್ಲಿ ನಾಲ್ಕೋ ಐದೋ ಕಂಡಿದ್ದಳು. ಹುಡುಗಿ ಬೆರಳ ಬೆನ್ನಿನಿಂದ ಹೆಪ್ಪಾದ ಹಾಲಿನ ಗಟ್ಟಿಯನ್ನು ಒತ್ತಿ ನೋಡಿ, "ಈಗ ಕೊಯ್ಬೇಕು ಅನ್ಸತ್ತೆ," ಎಂದಳು.

"ಈಗಲೇ," ಎಂದಳು ಆರ್ಲಿಸ್ ಸ್ಟೂಲಿನಿಂದ.

"ತಡೀರಿ, ಪುಸ್ತಕದಲ್ಲಿ ಇನ್ನೂ ಹನ್ನೆರಡು ನಿಮಿಷ ಇದೆ," ಎಂದ ಡಗ್.

"ಡಗ್, ಪುಸ್ತಕ ಬಿಡಪ್ಪ. ಇವತ್ತು ಸೆಕೆ ಇದೆ, ಹಾಲು ಬೇಗ ಕಟ್ಟಿದೆ."

"ನೀವು ನನಗೆ ಹೇಳ್ಬೇಕು, ಅವ್ರಿಗಲ್ಲ," ಎಂದ ಅವನು, ಪಾಪ, ಹಣೆಯ ಬೆವರು ಒರೆಸಿಕೊಳ್ಳುತ್ತ. "ಟೆರಿ ಖಡಾಖಂಡಿತ ಹೇಳಿದಾರೆ. ಯಾರಾದ್ರೂ ಬಂದು ನೋಡಿದ್ರೆ ನಿಮ್ಮ ಅರ್ಜಿಗೇ ಏಟು."

ಹನ್ನೆರಡು ನಿಮಿಷ ಕಾದರು. ಗಟ್ಟಿ ರಬ್ಬರಾಯಿತು. ಕೊಯ್ದದ್ದು ಒಂದೂ ನೆಟ್ಟಗೆ ಬರದೆ, ಹಾಲೊಡಕಿನಲ್ಲಿ ಚೂರುಚೂರಾಗಿ ತೇಲಿತು. ಒಂದು ತೊಟ್ಟಿ ಹಾಲು ಪಕ್ಕದ ರೈತ ಜಾನ್ಸ್‌ರುಡ್‌ನ ಹಂದಿಗಳಿಗೆ ಹೋಯಿತು. ಪಾ ಚಿಯಾ ಕೈಗವಸು ಕಿತ್ತು ಕಸದ ಬುಟ್ಟಿಗೆ ಎಸೆದು ಹೊರಗೆ ನಡೆದಳು. ಆರ್ಲಿಸ್ 'ಅತಿಥಿ' ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತೇ ಇದ್ದಳು. ಮೂವತ್ತನಾಲ್ಕು ವರ್ಷದಲ್ಲಿ ಒಂದೂವರೆ ತೊಟ್ಟಿ ಕೆಡಿಸಿದವಳ ಕಣ್ಣೆದುರಿಗೇ, ಅವಳು ಬಾಯಿಬಿಟ್ಟು ಹೇಳಿದ ಮೇಲೂ, ಇನ್ನೊಂದು ಕೆಟ್ಟಿತ್ತು.

ಅಂದು ಮಧ್ಯಾಹ್ನ ಟೆರಿ ಬಾಗಿಲು ಹಾಕಿಕೊಂಡು ವಿಷಯ ಹೇಳಿದಳು.

"ಮುಂದಿನ ವಾರ ಈ ತಿಂಗಳ ಮೂರನೇ ಶುಕ್ರವಾರ. ಮಕ್ಕಳ ತಲೆ ಎಣಿಸೋ ದಿನ. ಯಾವ ತರಗತಿ, ಯಾರು ಮೇಷ್ಟ್ರು, ಎಲ್ಲ ಪಟ್ಟಿ ಅವತ್ತು ರಾಜಧಾನಿಗೆ ಹೋಗ್ಬೇಕು. ಡಗ್ ಹೆಸರಲ್ಲಿ ವರ್ಷಪೂರ್ತಿ ವಿಜ್ಞಾನ ಅಂತ ನಾನು ಹಾಕಕ್ಕಾಗಲ್ಲ. ನಿಮ್ಮ ಪರ್ಮಿಟ್ ಬರ್ಲಿಲ್ಲ ಅಂದ್ರೆ ಆ ಮಕ್ಕಳನ್ನ ಕಂಪ್ಯೂಟರ್ ಮುಂದೆ ಕೂರಿಸ್ಬೇಕಾಗತ್ತೆ. ಹಾಲಿನ ಕೋಣೆಗೆ ಬೀಗ."

"ಈ ವರ್ಷಕ್ಕಾ?"

"ಒಂದು ಸಲ ಮುಚ್ಚಿದ್ರೆ ಮತ್ತೆ ತೆರೆಯಲ್ಲ ಆರ್ಲಿಸ್. ನಿಮಗೂ ಗೊತ್ತು."

ಗೊತ್ತಿತ್ತು. ಕಾರ್ಖಾನೆ ಮುಚ್ಚುವಾಗಲೂ ತಾತ್ಕಾಲಿಕ ಎಂದೇ ಹೇಳಿದ್ದರು.

ಅಲ್ಲಿಂದ ಅವಳು ನೇರವಾಗಿ ಓರ್ವಿಲ್‌ನ ಮನೆಗೆ ಹೋದಳು. ಜಾನೆಲ್ ಲೆಫ್ಸ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಸುತ್ತಿ ತಂದಿಟ್ಟಳು. ಮೊದಲು ಹವೆಯ ಮಾತು, ಆಮೇಲೆ ಜೋಳದ ಬೆಳೆಯ ಮಾತು, ಆಮೇಲೆ ಯಾರ ಮೊಣಕಾಲು ಹೇಗಿದೆ ಎಂಬ ಮಾತು ಆಗಬೇಕು. ನಮ್ಮಲ್ಲಿ ಕೆಲಸದ ಮಾತು ಎರಡನೇ ಬಟ್ಟಲಿಗೆ ಬರುವುದು. ಆರ್ಲಿಸ್ ಮೊದಲನೇ ಬಟ್ಟಲಿಗೇ ಶುರುಮಾಡಿದಳು.

"ಓರ್ವಿಲ್, ನಾನು ಚೆನ್ನಾಗಿ ಮಾಡ್ತೀನಾ ಇಲ್ವಾ?"

ಅವನು ತಲೆಯೆತ್ತಿ ನೋಡಿದ.

"ಚೀಸ್. ಇಪ್ಪತ್ತೊಂದು ವರ್ಷ ನೋಡಿದೀರ. ನಾನು ಚೆನ್ನಾಗಿ ಮಾಡ್ತೀನಾ ಇಲ್ವಾ ಒಂದೇ ಮಾತು ಹೇಳಿ. ಇಲ್ಲ ಅಂದ್ರೆ ಇಲ್ಲ ಅನ್ನಿ, ಮನೇಲಿ ಕೂತ್ಕೋತೀನಿ. ಹೌದು ಅಂದ್ರೆ ಅದನ್ನ ಒಂದು ಕಾಗದದಲ್ಲಿ ಬರೀರಿ. ನನಗೆ ಸಾಕಾಗಿದೆ. ಒಂದು ತೊಟ್ಟಿ ಹಾಲು ಇವತ್ತು ಹಂದಿ ಪಾಲಾಯ್ತು, ನಿಮ್ಮ ಬಾಯಿ ಬಿಗಿಯಿಂದ."

ಒಲೆಯ ಬಳಿ ಜಾನೆಲ್ ಕೈಯಲ್ಲಿದ್ದ ಪಾತ್ರೆ ಹಿಡಿದುಕೊಂಡೇ ನಿಂತಳು. ಆ ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಮಾತಾಡಿದ್ದಿಲ್ಲ. ಓರ್ವಿಲ್‌ನ ಮುಖ ಕೆಂಪಾಯಿತು. ಅವನ ಕಣ್ಣು ಆರ್ಲಿಸಳನ್ನು ದಾಟಿ ಎದುರಿನ ಗೋಡೆಗೆ ಹೋಗಿ, ಅಲ್ಲಿಂದ ಮೇಜಿಗೆ ಇಳಿಯಿತು. 

ಆರ್ಲಿಸ್ ಎದ್ದಳು. ಅರ್ಧ ಕಾಫಿ ಬಟ್ಟಲಲ್ಲೇ ಇತ್ತು. ನಮ್ಮ ಕಣಿವೆಯಲ್ಲಿ ಕಾಫಿ ಅರ್ಧಕ್ಕೆ ಬಿಟ್ಟು ಏಳುವುದು ಬಾಗಿಲು ದಢಾರನೆ ಬಡಿದಂತೆ. ಬಾಗಿಲನ್ನು ಅವಳು ಮೆಲ್ಲಗೇ ಹಾಕಿದಳು.

ಆ ವಾರ ಅವಳು ಶಾಲೆಗೆ ಹೋಗಲಿಲ್ಲ. ತೋಟದ ಟೊಮೆಟೊ ಕಿತ್ತು ಸಾರು ಮಾಡಿ ಸೀಸೆಗೆ ತುಂಬಿದಳು. ತಿನ್ನುವವರು ಯಾರೂ ಇಲ್ಲದಿದ್ದರೂ ಮೂವತ್ತೊಂದು ಸೀಸೆ ತುಂಬಿದಳು.

ಮುಂದಿನ ಬುಧವಾರ ಬೆಳಿಗ್ಗೆ ಟೆರಿ ಫೋನ್ ಮಾಡಿದಳು. "ಬಂತು! ಕಂಪ್ಯೂಟರಲ್ಲಿ ನಿಮ್ಮ ಹೆಸರು ಬಂದಿದೆ. ಒಂದು ವರ್ಷದ ಪರ್ಮಿಟ್. ಏನು ಮಾಡಿದ್ರಿ ನೀವು?"

"ನಾನೇನೂ ಮಾಡ್ಲಿಲ್ಲ," ಎಂದಳು ಆರ್ಲಿಸ್. ಅದು ವಿನಯದ ಮಾತಲ್ಲ, ನಿಜ.

ಶುಕ್ರವಾರ ತಲೆ ಎಣಿಸಿದರು. ಹಾಲಿನ ಕೋಣೆಯಲ್ಲಿ ಹದಿಮೂರು ಮಕ್ಕಳು, ಮೇಷ್ಟ್ರು ಆರ್ಲಿಸ್ ಹೌಗನ್. ಡಗ್ ಬಂದು ಅವಳ ಕೈಕುಲುಕಿ, ತಪ್ಪಿಸಿಕೊಂಡವನ ಖುಷಿಯಲ್ಲಿ ಮೈದಾನಕ್ಕೆ ಓಡಿದ. ಪಾ ಚಿಯಾ ಹೊಸ ಕೈಗವಸು ಹಾಕಿಕೊಂಡು ಬಂದಳು. ಆ ದಿನದ ಗಟ್ಟಿ ಸರಿಯಾದ ಹೊತ್ತಿಗೆ ಕೊಯ್ದದ್ದು, ಹಲ್ಲಿಗೆ ಸಿಕ್ಕಾಗ ಕಿರ್ ಎಂದಿತು, ಚೆನ್ನಾಗಿ ಬಂದದ್ದರ ಗುರುತು ಅದು. ಆರ್ಲಿಸ್‌ಗೆ ಎದೆ ತುಂಬಿ ಬಂತು. ಆದರೂ ಪರ್ಮಿಟ್ ಯಾಕೆ ಬಂತೆಂಬುದು ಒಳಗೆ ಕೊರೆಯುತ್ತಲೇ ಇತ್ತು.

ಶನಿವಾರ ಅಂಚೆಪೆಟ್ಟಿಗೆಯಲ್ಲಿ ದಪ್ಪ ಲಕೋಟೆ ಇತ್ತು. ಪರ್ಮಿಟ್ ಕೊಟ್ಟ ಮೇಲೆ ಅರ್ಜಿಯ ಎಲ್ಲ ಕಾಗದಗಳ ನಕಲು ಅರ್ಜಿದಾರರಿಗೆ ಕಳಿಸುವುದು ಆ ಕಚೇರಿಯ ಪದ್ಧತಿ. ಆರ್ಲಿಸ್ ಟ್ರಕ್ಕಿನ ಬಾಗಿಲಿಗೆ ಒರಗಿ ಅಲ್ಲೇ ತೆರೆದಳು. ಮೇಲೆ ಪ್ರೆಂಟಿಸಳ ಚೀಟಿ: 'ಮೇಡಂ, ಇವರು ಅಣ್ಣನ ಮಗಳ ಜೊತೆ ಎರಡು ಗಂಟೆ ಪ್ರಯಾಣ ಮಾಡಿ ಬಂದು ಕೈಯಲ್ಲೇ ಕೊಟ್ಟುಹೋದರು. ಕೂರಿ ಎಂದರೂ ಕೂರಲಿಲ್ಲ.' ಅದರ ಕೆಳಗೆ ಓರ್ವಿಲ್‌ನ ಓರೆಕೋರೆ ಅಕ್ಷರದ ಮೂರನೇ ಪತ್ರ.

'ನಾನು ಹಿಂದೆ ಬರೆದ ಎರಡು ಪತ್ರ ಸಾಲವು ಅಂದಿರಿ. 1994ರಲ್ಲಿ ರಾಜ್ಯದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ಚೆಡ್ಡಾರ್ ನನ್ನದಲ್ಲ. ಆರ್ಲಿಸ್ ಹೌಗನ್ ಮಾಡಿದ್ದು. ನಾಲ್ಕನೇ ತೊಟ್ಟಿ, ಮಾರ್ಚ್ ಹನ್ನೊಂದು. ನನ್ನ ಹೆಸರು ಹಾಕಿ ಕಳಿಸಿದೆ. ಅವಳಿಗೆ ಗೊತ್ತಿಲ್ಲ. ಆಮೇಲೆ ಎರಡು ವರ್ಷ ಅಂಥ ಚೀಸ್ ಮಾಡಲು ನಾನೂ ನೋಡಿದೆ, ಬರಲಿಲ್ಲ. ಈಗ ನಿಮಗೆ ಬೇಕಾದ್ದನ್ನು ಬರೆದುಕೊಳ್ಳಿ. ಓರ್ವಿಲ್ ಥೋರ್ಸನ್.'

ಆರ್ಲಿಸ್‌ಗೆ ಆ ಮಾರ್ಚ್ ನೆನಪಿತ್ತು. ಕೆಲಸಕ್ಕೆ ಸೇರಿ ಐದು ವರ್ಷ. ತನ್ನ ತೊಟ್ಟಿಯ ತುಂಡೊಂದನ್ನು ಅವನ ಮುಂದೆ ಇಟ್ಟು, ಸ್ಪರ್ಧೆಗೆ ಕಳಿಸಬಹುದೇ ಎಂದು ಕೇಳಿದ್ದಳು. ಅವನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, "ಪರವಾಗಿಲ್ಲ" ಎಂದಿದ್ದ. ಆಮೇಲೆ, ಈ ಸಲ ನನ್ನ ತೊಟ್ಟಿಯದೇ ಹೋಗಲಿ ಎಂದಿದ್ದ. ಬಹುಮಾನ ಕೊಡುವ ದಿನ ಅವಳು ಅಕ್ಕನ ಶೂ ಹಾಕಿಕೊಂಡು ಹೋಗಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ದಳು. ಅದಾದ ಮೇಲೆ ಯಾವ ಸ್ಪರ್ಧೆಗೂ ತನ್ನದನ್ನು ಕಳಿಸುವ ಮಾತೆತ್ತಿರಲಿಲ್ಲ. ಅಲ್ಲಿಗೆ ಹೋಗುವಷ್ಟು ತನ್ನ ಕೈ ಇಲ್ಲ ಎಂದು ಮೂವತ್ತು ವರ್ಷ ನಂಬಿಕೊಂಡು ಬಂದಿದ್ದಳು.

ಅವಳು ಹೋಗಿ ನೋಡಿದರೆ ಓರ್ವಿಲ್‌ನ ಅಡುಗೆಮನೆಯ ಗೋಡೆಯ ಮೇಲೆ ಚೌಕಟ್ಟು ಇದ್ದ ಜಾಗ ಬೆಳ್ಳಗಿತ್ತು. ಮೇಜಿನ ಮೇಲೆ ಖಾಲಿ ಐಸ್‌ಕ್ರೀಮ್ ಡಬ್ಬಿ, ಅದರೊಳಗೆ ನೀಲಿ ರಿಬ್ಬನ್. ಜಾನೆಲ್ ಕಾಫಿ ಸುರಿದು, ಬಟ್ಟೆ ಒಣಹಾಕುವ ನೆಪದಲ್ಲಿ ಹೊರಗೆ ಹೋದಳು.

"ಪರ್ಮಿಟ್ ಬಂತಂತಲ್ಲ," ಎಂದ ಓರ್ವಿಲ್.

"ಬಂತು."

"ಹಾಗಾದ್ರೆ ಪರವಾಗಿಲ್ಲ."

ಆರ್ಲಿಸ್ ಪತ್ರದ ನಕಲನ್ನು ಮೇಜಿನ ಮೇಲಿಟ್ಟಳು. ಕೂಗಾಡಬೇಕೆಂದೇ ಬಂದಿದ್ದಳು. ದಾರಿಯುದ್ದಕ್ಕೂ ಟ್ರಕ್ಕಿನಲ್ಲಿ ಒಬ್ಬಳೇ ಕೂಗಾಡಿದ್ದಳು ಕೂಡ. ಈಗ ಕುರ್ಚಿ ಎಳೆದುಕೊಂಡು ಕುಳಿತಳು.

"ಎದ್ದು ನಿಂತು ಚಪ್ಪಾಳೆ ಹೊಡ್ದಿದ್ದೆ ನಾನು," ಎಂದಳು.

"ನೋಡ್ದೆ."

"ಮೂವತ್ತು ವರ್ಷ. ಒಂದು ಮಾತು ಹೇಳ್ಬಹುದಿತ್ತು. ರಿಬ್ಬನ್ ನೀವೇ ಇಟ್ಕೊಳ್ಳಿ, ಮಾತೊಂದು ನನಗೆ ಹೇಳ್ಬಹುದಿತ್ತು."

"ಹೇಳ್ತಿದ್ನಲ್ಲ ಕಣಮ್ಮ." ಓರ್ವಿಲ್ ತನ್ನ ಕೈ ನೋಡಿಕೊಂಡ. "ದಿನಾ ಹೇಳ್ತಿದ್ದೆ, ಪರವಾಗಿಲ್ಲ ಅಂತ. ಮಿಕ್ಕೋರಿಗೆ ಅದನ್ನೂ ಹೇಳಿಲ್ಲ ನಾನು."

ಅದು ನಿಜವಾಗಿತ್ತು. ಆ ಕಾರ್ಖಾನೆಯಲ್ಲಿ ಅವಳ ಜೊತೆ ಆರು ಜನ ಗಂಡಸರು ದುಡಿದಿದ್ದರು, ಅವರಲ್ಲಿ ಒಬ್ಬನಿಗೂ ಅವನ ಬಾಯಿಂದ ಆ ಮಾತು ಬಂದದ್ದನ್ನು ಅವಳು ಕೇಳಿರಲಿಲ್ಲ. ನಿಜವಾಗಿದ್ದರಿಂದಲೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

ಓರ್ವಿಲ್ ಡಬ್ಬಿಯನ್ನು ಅವಳ ಕಡೆ ತಳ್ಳಿದ. ಅವಳು ಮುಚ್ಚಳ ಹಾಕಿ ಮಡಿಲಲ್ಲಿ ಇಟ್ಟುಕೊಂಡಳು. ವಂದನೆ ಹೇಳಲಿಲ್ಲ.

"ಪರ್ಮಿಟ್ ಒಂದೇ ವರ್ಷಕ್ಕೆ," ಎಂದಳು. "ಮುಂದಿನ ಆಗಸ್ಟ್‌ಗೆ ಮತ್ತೆ ಪತ್ರ ಬೇಕಂತೆ. ಹೊಸದು."

ಓರ್ವಿಲ್ ಗೋಡೆಯ ಮೇಲಿನ ಬೆಳ್ಳಗಿನ ಜಾಗ ನೋಡಿದ.

"ಇನ್ನೇನು ಕದ್ದಿದೀನಿ ಅಂತ ನೋಡ್ಬೇಕಾಯ್ತು," ಎಂದ.

ಆರ್ಲಿಸ್ ನಗಲಿಲ್ಲ. "ನೋಡಿ," ಎಂದಳು. "ಒಂದು ವರ್ಷ ಟೈಮ್ ಇದೆ." ಬಟ್ಟಲಿನ ಕಾಫಿ ಅರ್ಧ ಉಳಿದಿತ್ತು. ಅವಳು ಅದನ್ನು ನೋಡಿದಳು, ಅವನೂ ನೋಡಿದ. ಆಮೇಲೆ ಅವಳು ಬಟ್ಟಲು ಎತ್ತಿ, ತಣ್ಣಗಾಗಿದ್ದರೂ ಪೂರ್ತಿ ಕುಡಿದು, ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಎದ್ದಳು.